ಕಂದು, ಬಿಳಿ, ಶ್ರುತಿ

ಜನವರಿ 20, ಸೋಮವಾರ

ನಿವೃತ್ತಿಯಾದ ಮೇಲೆ ದಿನಚರಿ ಬರೆಯುವುದನ್ನು ಬಿಟ್ಟಿದ್ದೆ. ರೇಷ್ಮೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಬರೆದದ್ದೇ ಸಾಕಾಗಿತ್ತು. ಯಾವ ಹಳ್ಳಿ, ಯಾರ ಹುಳುಮನೆ, ಉಷ್ಣಾಂಶ ಎಷ್ಟು, ಸೊಪ್ಪು ಎಷ್ಟು ಸಲ. ಇವತ್ತು ಮತ್ತೆ ಶುರು ಮಾಡುತ್ತಿದ್ದೇನೆ, ಎರಡು ಗಿನಿ ಹಂದಿಗಳ ದೆಸೆಯಿಂದ.

ತಂದವನು ಅಳಿಯ ಬಾಲಾಜಿ. ಬಂಗಾರಪೇಟೆಯಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬೆಳಿಗ್ಗೆ ಎಂಟಕ್ಕೇ ಕೋರಮಂಡಲ್ ಬಡಾವಣೆಯ ನಮ್ಮ ಮನೆಯ ಗೇಟಿನ ಮುಂದೆ ನಿಂತಿದ್ದ. ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ತಂತಿಯ ಗೂಡು, ಒಳಗೆ ಒಂದು ಕಂದು, ಒಂದು ಬಿಳಿ.

"ಮಾವಾ, ಶ್ರುತೀನ ಒಂದ್ ಸಲ ನೋಡ್ಕೊಂಡು ಓಗ್ಬಿಡ್ತೀನಿ."

"ಮಲಗವ್ಳೆ ಕಣಪ್ಪ."

"ಎದ್ದಿದ್ರೆ?"

"ಎದ್ದಿದ್ರೂ ಬ್ಯಾಡ. ಈಗ ಯಾರೂ ಮಾತಾಡಿಸ್ಬಾರ್ದು."

ಅವನು ಗೂಡನ್ನು ಜಗಲಿಯ ಮೇಲಿಟ್ಟ. "ಬರೀ ಕೈಲಿ ಬರಾಕೆ ಮನಸ್ಸಾಗ್ಲಿಲ್ಲ. ರಾಬರ್ಟ್‌ಸನ್‌ಪೇಟೆ ಅಂಗ್ಡೀಲಿ ಇದ್ವು. ಅವಳಿಗೆ ಇಂಥವು ಅಂದ್ರೆ ಇಷ್ಟ" ಎಂದವನೇ ಗಾಡಿ ಹತ್ತಿ ಹೋದ. ನಿಂತಿದ್ದ ಜಾಗದಲ್ಲಿ ಮೋಟರಿಗೆ ಹಚ್ಚುವ ವಾರ್ನಿಷ್ ವಾಸನೆ ಸ್ವಲ್ಪ ಹೊತ್ತು ಇತ್ತು.

ಮಗಳು ಶ್ರುತಿ ನನ್ನ ಮನೆಗೆ ಬಂದು ಮೂವತ್ತೆಂಟು ದಿನವಾಯಿತು. ಎಂಟು ತಿಂಗಳು ಹೊತ್ತ ಮಗು ಉಸಿರಿಲ್ಲದೆ ಹುಟ್ಟಿತು. ಆಸ್ಪತ್ರೆಯಿಂದ ನೇರ ಇಲ್ಲಿಗೇ ಕರೆತಂದೆ. ಅವಳ ಅಮ್ಮ ಪುಷ್ಪ ಇದ್ದಿದ್ದರೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು. ಪುಷ್ಪ ಹೋಗಿ ನಾಲ್ಕು ವರ್ಷ. ನನಗೆ ಗೊತ್ತಿರುವುದು ಹುಳು ಸಾಕುವುದೊಂದೇ.

ಹುಳು ಪೊರೆ ಬಿಡುವ ಮೊದಲು ತಿನ್ನುವುದನ್ನು ನಿಲ್ಲಿಸುತ್ತದೆ. ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಅನ್ನುತ್ತಾರೆ ನಮ್ಮ ಕಡೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಜಾಗ ಕದಲಿಸಬಾರದು. ಒಂದು ದಿನ ಬಿಟ್ಟರೆ ತಾನಾಗಿ ಏಳುತ್ತದೆ, ಎದ್ದ ಮೇಲೆ ಮೊದಲಿಗಿಂತ ಜಾಸ್ತಿ ತಿನ್ನುತ್ತದೆ. ಅವಸರಪಟ್ಟು ಮುಟ್ಟಿದ ರೈತನ ಬೆಳೆ ಹೋಗುತ್ತದೆ. ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ.

ಶ್ರುತಿಗೂ ಹಾಗೇ ಮಾಡಿದ್ದೇನೆ. ಕೋಣೆಗೆ ಪರದೆ ಹಾಕಿದೆ. ಅವಳ ಫೋನ್ ನನ್ನ ಬೀರುವಿನಲ್ಲಿದೆ. ಊಟದ ತಟ್ಟೆಯನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು ಬರುತ್ತೇನೆ, ಮಾತಾಡಿಸುವುದಿಲ್ಲ.

ಕಂದು: ತಿಂದಿತು. ಬಿಳಿ: ತಿಂದಿತು. ಶ್ರುತಿ: ಅರ್ಧ ಇಡ್ಲಿ.

ಜನವರಿ 21, ಮಂಗಳವಾರ

ಬಂಗಾರಪೇಟೆ ರಸ್ತೆಯ ಚಲಪತಿಯ ತೋಟದಿಂದ ಹಿಪ್ಪುನೇರಳೆ ಸೊಪ್ಪು ತಂದೆ. ನನ್ನ ಹಳೆಯ ರೈತ, ಕೇಳಿದರೆ ಇಲ್ಲ ಅನ್ನುವುದಿಲ್ಲ. ಒದ್ದೆ ಎಲೆಯನ್ನೆಲ್ಲ ಬೇರೆ ಮಾಡಿ, ಎಳೆಯದನ್ನು ಆರಿಸಿ, ಸಣ್ಣಗೆ ಹೆಚ್ಚಿ, ದಿನಕ್ಕೆ ನಾಲ್ಕು ಹೊತ್ತು ಕೊಡುತ್ತಿದ್ದೇನೆ. ಗೂಡಿಗೆ ಹಳೆಯ ಪೇಪರ್ ಹಾಸಿ ದಿನಾ ಬದಲಾಯಿಸುತ್ತೇನೆ. ಹುಳುಮನೆಯ ಅಭ್ಯಾಸದಂತೆ ಮೇಲೆ ಸುಣ್ಣದ ಪುಡಿ ಉದುರಿಸಲು ಹೋಗಿ ಕೈ ತಡೆದೆ. ಇವು ಸೀನುತ್ತವೆ.

ಪ್ಲಾಸ್ಟಿಕ್ ಕವರ್ ಸದ್ದಾದರೆ ಸಾಕು, ಎರಡೂ ಸೀಟಿ ಊದಿದಂತೆ ಕೂಗುತ್ತವೆ. ನೌಕರಿಯಲ್ಲಿದ್ದಾಗ ಯಾವ ಹುಳುವೂ ನನ್ನನ್ನು ನೋಡಿ ಹೀಗೆ ಸಂತೋಷಪಟ್ಟಿರಲಿಲ್ಲ.

ಪಕ್ಕದ ಮನೆಯ ಮಾರಿಯಮ್ಮ ರಸಂ ಡಬ್ಬಿ ಹಿಡಿದು ಬಂದರು. ಅವರ ಗಂಡ ಇಲ್ಲಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು, ತೀರಿಕೊಂಡು ಬಹಳ ಕಾಲವಾಯಿತು. ಮನೆಮಾತು ತಮಿಳು.

"ಎನ್ನ ಸಾರ್ ಇದು, ಇಲೀನಾ ಮೊಲಾನಾ? ಬಾಲಾನೇ ಇಲ್ಲ."

"ಗಿನಿ ಹಂದಿ ಅಂತಾರೆ."

"ಹಂದೀನ ಒಳಗೆ ಬಿಟ್ಕೊಂಡಿದ್ದೀರಿ, ನನ್ನ ಬಿಡಲ್ಲ ಅಂತೀರಿ. ಆ ಕೂಸಿಗೆ ತಲೆ ಬಾಚಿ ಬರ್ತೀನಿ ಸಾರ್. ಎಷ್ಟು ದಿನ ಆಯ್ತೋ ಎಣ್ಣೆ ಕಂಡು."

ರಸಂ ಇಸಿದುಕೊಂಡು ಗೇಟು ಹಾಕಿದೆ. ಒಳ್ಳೆಯವರೇ, ಆದರೆ ಬಾಯಿ ಜಾಸ್ತಿ.

ಕಂದು, ಬಿಳಿ: ಚೆನ್ನಾಗಿ ತಿಂದವು. ಶ್ರುತಿ: ತಟ್ಟೆ ವಾಪಸ್.

ಜನವರಿ 23, ಗುರುವಾರ

ಮಧ್ಯಾಹ್ನ ಸೊಪ್ಪು ಹೆಚ್ಚುತ್ತಿದ್ದೆ. ಎರಡೂ ಕೂಗಿಕೊಂಡವು. ತಿರುಗಿ ನೋಡಿದರೆ ಶ್ರುತಿ ಗೋಡೆ ಹಿಡಿದು ನಿಂತಿದ್ದಾಳೆ. ಕೋಣೆಯಿಂದ ತಾನಾಗಿ ಹೊರಗೆ ಬಂದದ್ದು ಇದೇ ಮೊದಲು.

"ಏನಪ್ಪ ಅದು ಸದ್ದು?"

"ಬಾಲಾಜಿ ತಂದುಕೊಟ್ಟ."

"ಯಾವಾಗ ಬಂದಿದ್ರು?"

ನಾನು ತಲೆ ತಗ್ಗಿಸಿ ಸೊಪ್ಪು ಹೆಚ್ಚತೊಡಗಿದೆ. ಅವಳು ಗೂಡಿನ ಮುಂದೆ ಕೂತು ತಂತಿಯೊಳಗೆ ಬೆರಳು ಹಾಕಿದಳು. ಬಿಳಿ ಬಂದು ಮೂಸಿತು. ಐದು ನಿಮಿಷ ಬಿಟ್ಟೆ. ಆಮೇಲೆ ಆಯಾಸವಾದೀತೆಂದು ಒಳಗೆ ಕಳಿಸಿ ಪರದೆ ಎಳೆದೆ. ಗೂಡನ್ನು ಅಡುಗೆಮನೆಯ ಆಚೆಗೆ ಸರಿಸಿದ್ದೇನೆ, ಸದ್ದು ಅಲ್ಲಿಗೆ ಕೇಳಿಸದಿರಲಿ ಎಂದು.

ಶ್ರುತಿ: ರಾತ್ರಿಯದು ವಾಪಸ್.

ಜನವರಿ 26, ಭಾನುವಾರ

ಪುಷ್ಪ ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಬೆಳಿಗ್ಗೆಯಿಂದ ಮೈಕು. ಶ್ರುತಿಯ ಕಿಟಕಿ ಮುಚ್ಚಿದೆ.

ಬಾಲಾಜಿ ಮತ್ತೆ ಬಂದ. ಈ ಸಲ ಕೈಯಲ್ಲಿ ಒಣಹುಲ್ಲಿನ ಕಟ್ಟು.

"ಹುಲ್ಲು ಹಾಕ್ತಿದ್ದೀರಾ ಮಾವಾ? ಅಂಗ್ಡಿಯೋನು ಹುಲ್ಲೇ ಮುಖ್ಯ ಅಂದ. ಯಾವಾಗ್ಲೂ ಅಗೀತಾ ಇರ್ಬೇಕಂತೆ."

"ಒಳ್ಳೇ ಎಳೇ ಸೊಪ್ಪೈತೆ. ಒಣಹುಲ್ಲು ಯಾಕೆ?"

"ಅವನು ಅಂದ, ಅದಕ್ಕೆ ಹೇಳ್ದೆ. ಶ್ರುತಿ..."

"ಇನ್ನೂ ಎದ್ದಿಲ್ಲ. ಎದ್ಮೇಲೆ ನಾನೇ ಫೋನ್ ಮಾಡ್ತೀನಿ."

ಸಾಕಣೆ ಮಾಡುವುದನ್ನು ನನಗೆ ಮೋಟರ್ ಸುತ್ತುವವನು ಹೇಳಿಕೊಡಬೇಕೆ? ಸಿಟ್ಟು ಬಂತು. ಹುಲ್ಲಿನ ಕಟ್ಟು ಒಗೆಯುವ ಕಲ್ಲಿನ ಮೇಲೆ ಬಿದ್ದಿದೆ.

ಹೋಗುವಾಗ ಅವನು ಗಾಡಿ ಸ್ಟಾರ್ಟ್ ಮಾಡದೆ ತಿರುವಿನವರೆಗೆ ತಳ್ಳಿಕೊಂಡು ಹೋದ. ಅವಳಿಗೆ ಎಚ್ಚರವಾಗಬಾರದೆಂದು ಇರಬೇಕು. ಅಷ್ಟಾದರೂ ತಿಳುವಳಿಕೆ ಇದೆ.

ಜನವರಿ 29, ಬುಧವಾರ

ಬಿಳಿ ಬೆಳಿಗ್ಗೆಯಿಂದ ತಿಂದಿಲ್ಲ. ಕೂದಲು ಉಬ್ಬಿಸಿಕೊಂಡು ಮೂಲೆಯಲ್ಲಿ ಮುದ್ದೆಯಾಗಿ ಕೂತಿದೆ. ಮುಟ್ಟಿದರೆ ಸರಿಯುತ್ತದೆ, ಮತ್ತೆ ಕೂರುತ್ತದೆ. ಈ ಲಕ್ಷಣ ನನಗೆ ಹೊಸದಲ್ಲ. ಹೊಸ ಮನೆ, ಹೊಸ ನೀರು, ಒಳಗೆ ಏನೋ ಬದಲಾಗುತ್ತಿದೆ. ಹುಳುವಾದರೇನು, ಹಂದಿಯಾದರೇನು, ಜೀವ ಒಂದೇ. ರಟ್ಟಿನ ಡಬ್ಬಿಯಲ್ಲಿ ಅದನ್ನು ಬೇರೆ ಇಟ್ಟು, ಸೊಪ್ಪೆಲ್ಲ ತೆಗೆದು, ಮೇಲೆ ಗೋಣಿಚೀಲ ಹೊದಿಸಿದೆ. ಹೊಟ್ಟೆಗೆ ಒಂದು ದಿನ ರಜೆ ಕೊಟ್ಟರೆ ಸರಿಹೋಗುತ್ತದೆ.

ಕಂದು: ಕಡಿಮೆ ತಿಂದಿತು, ಡಬ್ಬಿಯ ಕಡೆಗೇ ನೋಡುತ್ತದೆ. ಬಿಳಿ: ಇಲ್ಲ. ಶ್ರುತಿ: ಎರಡು ತುತ್ತು ಅನ್ನ.

ಜನವರಿ 30, ಗುರುವಾರ

ಬಿಳಿ ಹಾಗೇ ಇದೆ. ಹಿಕ್ಕೆಯೂ ಇಲ್ಲ. ಗೋಣಿ ಸರಿಸಿ ನೋಡಿದೆ, ಕಣ್ಣು ಅರ್ಧ ಮುಚ್ಚಿತ್ತು. ಮತ್ತೆ ಹೊದಿಸಿದೆ.

ಮಾರಿಯಮ್ಮ ಗೋಡೆಯ ಆಚೆಯಿಂದ ನೋಡುತ್ತಿದ್ದರು.

"ತಿನ್ನದಿದ್ರೆ ಬಾಯಿಗೆ ಇಡ್ಬೇಕು ಸಾರ್. ಪಾವಂ, ಅದು ಕೇಳುತ್ತಾ?"

"ಬಲವಂತ ಮಾಡಿದ್ರೆ ಕೆಡುತ್ತೆ ಅಮ್ಮ. ಇದು ನನ್ನ ಕೆಲ್ಸ, ನಂಗೆ ಗೊತ್ತು."

"ನಿಮ್ಗೆ ಗೊತ್ತು ಸಾರ್" ಅಂದರು. ಅವರು ಅಂದ ರೀತಿ ಹಿಡಿಸಲಿಲ್ಲ.

ಶ್ರುತಿ: ಮೂರು ಹೊತ್ತೂ ವಾಪಸ್. ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಾಳೆ ಏಳಬಹುದು. ಎರಡೂ.

ಜನವರಿ 31, ಶುಕ್ರವಾರ

ಬಿಳಿ ಸತ್ತಿತು.

ನಾನು ಎದ್ದು ಬರುವಷ್ಟರಲ್ಲಿ ಶ್ರುತಿ ಡಬ್ಬಿಯ ಮುಂದೆ ಕೂತಿದ್ದಳು. ಗೋಣಿಚೀಲ ಮಡಿಸಿ ಪಕ್ಕದಲ್ಲಿಟ್ಟಿದ್ದಳು.

"ಯಾವಾಗಿಂದ ತಿಂದಿರ್ಲಿಲ್ಲ?"

"ಮೊನ್ನೆಯಿಂದ."

"ನೀನೇನ್ ಮಾಡ್ದೆ?"

"ತಾನೇ ಏಳ್ತದೆ ಅಂತ ಸುಮ್ನೆ ಬಿಟ್ಟೆ."

"ನನ್ನ ಬಿಟ್ಟಂಗೆ" ಅಂದಳು. ಜೋರಾಗಿ ಅನ್ನಲಿಲ್ಲ. ಎದ್ದು ಒಳಗೆ ಹೋದಳು. ಪರದೆಯನ್ನು ಅವಳೇ ಎಳೆದುಕೊಂಡಳು.

ಹಿತ್ತಲ ಸೀಬೆ ಗಿಡದ ಬುಡದಲ್ಲಿ ಹೂತೆ. ಇಲ್ಲಿ ಒಂದಡಿ ಅಗೆದರೆ ಗಣಿಯ ಬೂದು ಮರಳು. ಹಾರೆ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಬರೆಯಲು ಮನಸ್ಸಿಲ್ಲ.

ಫೆಬ್ರವರಿ 1, ಶನಿವಾರ

ಕಂದು ಬೆಳಿಗ್ಗೆ ಸೊಪ್ಪು ಮುಟ್ಟಲಿಲ್ಲ. ಕವರ್ ಸದ್ದು ಮಾಡಿದೆ, ಕೂಗಲಿಲ್ಲ. ಬಿಳಿ ಇದ್ದ ಡಬ್ಬಿ ಇಟ್ಟಿದ್ದ ಕಡೆಗೆ ಮುಖ ಮಾಡಿ ಕೂತಿತ್ತು. ಕೂದಲು ಉಬ್ಬಿತ್ತು.

ಶರ್ಟು ಹಾಕಿಕೊಂಡು, ಗೂಡು ಎತ್ತಿಕೊಂಡು ಆಟೋ ಹತ್ತಿದೆ. ರಾಬರ್ಟ್‌ಸನ್‌ಪೇಟೆಯ ದನದ ಆಸ್ಪತ್ರೆಯಲ್ಲಿ ಡಾಕ್ಟರ್ ಸುಮಿತಾ ಎಂಬ ಹುಡುಗಿ. ನನ್ನ ಮುಂದೆ ಒಂದು ಎಮ್ಮೆ, ಎರಡು ಮೇಕೆ. ಗೂಡು ತೊಡೆಯ ಮೇಲಿಟ್ಟುಕೊಂಡು ಕೂತೆ. ಎಲ್ಲರೂ ನೋಡುತ್ತಿದ್ದರು, ನೋಡಲಿ ಅನ್ನಿಸಿತು.

ಆಕೆ ಹೊಟ್ಟೆ ಮುಟ್ಟಿ, ಬಾಯಿ ಬಿಡಿಸಿ ನೋಡಿದರು.

"ಏನು ಕೊಡ್ತಿದ್ರಿ ಸರ್?"

"ಹಿಪ್ಪುನೇರಳೆ ಸೊಪ್ಪು. ಎಳೇದು, ಹೆಚ್ಚಿ."

"ಹುಲ್ಲು?"

ಇಲ್ಲ ಎಂದೆ. ಆಕೆ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಹುಲ್ಲು ಇವಕ್ಕೆ ಅನ್ನ, ಸೊಪ್ಪು ಪಲ್ಯ ಇದ್ದ ಹಾಗೆ ಎಂದರು. ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದಂತೆ, ಹುಲ್ಲು ಅಗಿದರೇ ಸವೆಯುವುದು. ಸಿ ವಿಟಮಿನ್ ತಮ್ಮ ಮೈಯಲ್ಲಿ ಮಾಡಿಕೊಳ್ಳಲು ಇವಕ್ಕೆ ಬರುವುದಿಲ್ಲ, ಮನುಷ್ಯರ ಹಾಗೆಯೇ. ದಪ್ಪ ಮೆಣಸಿನಕಾಯಿ ದಿನಾ ಒಂದು ಚೂರು ಕೊಡಬೇಕು. ತಂತಿಯ ತಳದಿಂದ ಪಾದ ಹುಣ್ಣಾಗುತ್ತದೆ, ದಪ್ಪ ಬಟ್ಟೆ ಹಾಸಬೇಕು. ಒಂಟಿಯಾಗಿ ಇಡಲೇಬಾರದು.

"ಇನ್ನೊಂದಿತ್ತು, ಎರಡು ದಿನ ತಿನ್ನದೆ ಕೂತಿತ್ತು" ಎಂದೆ. "ತಾನಾಗಿ ಏಳಲ್ವಾ ಡಾಕ್ಟ್ರೇ?"

"ಇಲ್ಲ ಸರ್. ಒಂದು ದಿನ ಹೊಟ್ಟೆ ಖಾಲಿ ಬಿಟ್ರೆ ಕರುಳು ನಿಂತುಹೋಗುತ್ತೆ. ಆಮೇಲೆ ಅದಕ್ಕೆ ತಿನ್ನೋ ಮನಸ್ಸಿದ್ರೂ ಆಗಲ್ಲ. ನಾವೇ ಹಿಡ್ಕೊಂಡು ತಿನ್ನಿಸ್ಬೇಕು."

ಸೂಜಿಯಿಲ್ಲದ ಸಿರಿಂಜ್ ಕೊಟ್ಟು, ಹುಲ್ಲಿನ ಪುಡಿ ನೀರಲ್ಲಿ ಕಲಸಿ ಬಾಯಿಯ ಪಕ್ಕದಿಂದ ನಿಧಾನವಾಗಿ ಹಾಕುವುದನ್ನು ತೋರಿಸಿದರು. ಎರಡು ಗಂಟೆಗೊಮ್ಮೆ.

ಮನೆಗೆ ಬಂದು ಈ ಪುಸ್ತಕದ ಪುಟಗಳನ್ನು ತಿರುವಿ ನೋಡಿದೆ. ಕಂದು, ಬಿಳಿ, ಶ್ರುತಿ. ನನ್ನ ಕೈಬರಹವೇ. ವಾಪಸ್, ವಾಪಸ್, ಎರಡು ತುತ್ತು, ವಾಪಸ್. ಬಿಳಿ ತಿನ್ನದಿದ್ದದ್ದು ಎರಡು ದಿನ. ಶ್ರುತಿ ಎಷ್ಟು ದಿನದಿಂದ ಹೀಗಿದ್ದಾಳೆ? ಕೈಯಾರೆ ಬರೆದಿಟ್ಟಿದ್ದೇನೆ, ಒಂದು ದಿನವೂ ಓದಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ಫೆಬ್ರವರಿ 2, ಭಾನುವಾರ

ನಿನ್ನೆ ಒಬ್ಬನೇ ತಿನ್ನಿಸಿದೆ. ಅರ್ಧ ಅದರ ಎದೆಗೆ, ಅರ್ಧ ನನ್ನ ಪಂಚೆಗೆ. ಬೆಳಿಗ್ಗೆ ಶ್ರುತಿಯ ಬಾಗಿಲ ಮುಂದೆ ನಿಂತು ಪರದೆಯ ಹೊರಗಿನಿಂದಲೇ ಕರೆದೆ.

"ಶ್ರುತೀ, ನನ್ ಕೈಲಿ ಆಗ್ತಾ ಇಲ್ಲಮ್ಮ. ಹಿಡ್ಕೋ ಬಾ."

ಇನ್ನೊಂದು ಸಲ ಕರೆದೆ. ಮೊದಲಾಗಿದ್ದರೆ ಸುಮ್ಮನೆ ಹಿಂದಕ್ಕೆ ಬರುತ್ತಿದ್ದೆ. ಇವತ್ತು ಗೂಡು ತೆಗೆದುಕೊಂಡು ಒಳಗೇ ಹೋಗಿ ಅವಳ ಮಂಚದ ಪಕ್ಕ ನೆಲದ ಮೇಲೆ ಕೂತೆ. ಕಿಟಕಿ ತೆಗೆದೆ. ಬೆಳಕಿಲ್ಲದಿದ್ದರೆ ನನಗೆ ಸಿರಿಂಜಿನ ಗೆರೆ ಕಾಣುವುದಿಲ್ಲ.

ಸ್ವಲ್ಪ ಹೊತ್ತಿಗೆ ಇಳಿದು ಬಂದಳು. ಕಂದುವನ್ನು ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ ಹಿಡಿದಳು. ತಲೆಗೆ ಒಂದು ಕೈ, ಹಿಂಭಾಗಕ್ಕೆ ಒಂದು ಕೈ. ಯಾರು ಹೇಳಿಕೊಟ್ಟರೋ. ಅದು ಮೊದಲು ತಲೆ ಕೊಡವಿತು, ಆಮೇಲೆ ಚಪ್ಪರಿಸಿತು.

"ಹೆಸ್ರು ಇಟ್ಟಿದ್ವಿ ಅಪ್ಪ" ಅಂದಳು. ಅದರ ಬೆನ್ನು ಸವರುತ್ತಲೇ ಇದ್ದಳು. "ಮಗೂಗೆ. ಹೆಣ್ಣಾದ್ರೆ ಭಾನುಪ್ರಿಯ ಅಂತ. ಅವರೂ ನಾನೂ ಸೇರಿ ಇಟ್ಟಿದ್ದು. ಯಾರೂ ಕೇಳ್ಲೇ ಇಲ್ಲ."

ನಾನು ಸಿರಿಂಜನ್ನು ಕೆಳಗಿಟ್ಟೆ.

"ನಂಗೆ ತೋರಿಸ್ಲೂ ಇಲ್ಲ. ತಗೊಂಡು ಓಗ್ಬಿಟ್ರು."

ಇದನ್ನು ಬರೆಯಲೇಬೇಕು. ತೋರಿಸಬೇಡಿ ಎಂದು ನರ್ಸಮ್ಮನಿಗೆ ಕೈಮುಗಿದವನು ನಾನು. ಬಾಲಾಜಿ ತೋರಿಸೋಣ ಎಂದ. ನೋಡಿದರೆ ಅವಳು ತಡೆದುಕೊಳ್ಳಲಾರಳು ಎಂದು ಅವನ ಬಾಯಿ ಮುಚ್ಚಿಸಿದವನೂ ನಾನೇ. ಒಳ್ಳೆಯದಕ್ಕೇ ಮಾಡಿದೆ. ಬಿಳಿಯ ಮೇಲೆ ಗೋಣಿ ಹೊದಿಸಿದ್ದೂ ಒಳ್ಳೆಯದಕ್ಕೇ.

"ನಾನು ಬ್ಯಾಡ ಅಂದೆ ಕಣಮ್ಮ. ಅವನಲ್ಲ, ನಾನು."

ಅವಳು ನನ್ನನ್ನೇ ನೋಡಿದಳು. ಬೈಯಲಿ ಎಂದು ಕಾದೆ.

"ನೀನು ನೋಡ್ದ್ಯಾ?"

"ಊಂ."

"ಎಂಗಿದ್ಲು?"

"ತಲೆ ತುಂಬ ಕೂದ್ಲಿತ್ತು. ನಿಮ್ಮಮ್ಮನ ಮೂಗು. ಈ ಕೈ ಇಂಗೆ ಮುಷ್ಟಿ ಹಿಡ್ಕೊಂಡಿದ್ಲು."

ತೋರಿಸಲು ಕೈ ಎತ್ತಿದೆ, ಆ ಕೈಯನ್ನು ಶ್ರುತಿ ಹಿಡಿದುಕೊಂಡಳು. ಇಬ್ಬರೂ ಅತ್ತೆವು. ಐವತ್ತೊಂದು ದಿನದಲ್ಲಿ ನಾನು ಅತ್ತದ್ದು ಇದೇ ಮೊದಲು, ಅವಳು ಒಬ್ಬಳೇ ಎಷ್ಟು ಸಲ ಅತ್ತಿದ್ದಳೋ. ಕಂದು ಟವೆಲ್ಲಿನಲ್ಲಿ ಉಚ್ಚೆ ಹೊಯ್ದಿತು.

ಕಂದು: ಐದು ಸಲ, ಸಿರಿಂಜಿನಲ್ಲಿ. ಶ್ರುತಿ: ಗಂಜಿ, ಒಂದು ಲೋಟ. ನಾನು ಪಕ್ಕದಲ್ಲೇ ಕೂತಿದ್ದೆ.

ಫೆಬ್ರವರಿ 3, ಸೋಮವಾರ

ಶ್ರುತಿಯ ಫೋನನ್ನು ಚಾರ್ಜಿಗೆ ಹಾಕಿ ಅವಳ ಮಂಚದ ಮೇಲಿಟ್ಟೆ. ಒಂದೊಂದಾಗಿ ಬಾಲಾಜಿಯ ಮೆಸೇಜುಗಳು ಬಂದು ಬೀಳುತ್ತಿದ್ದ ಸದ್ದು ಬಹಳ ಹೊತ್ತು ಕೇಳಿತು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ, ತೊಳೆದದ್ದನ್ನೇ ಮತ್ತೆ ತೊಳೆದೆ.

ಒಗೆಯುವ ಕಲ್ಲಿನ ಮೇಲಿದ್ದ ಹುಲ್ಲಿನ ಕಟ್ಟು ಬಿಚ್ಚಿ ಗೂಡಿಗೆ ಹಾಕಿದೆ. ಮೇಲಿನದು ಇಬ್ಬನಿಗೆ ಕೆಟ್ಟಿತ್ತು, ಒಳಗಿನದು ಚೆನ್ನಾಗಿದೆ. ಕಂದು ಒಂದು ಕಡ್ಡಿ ಎಳೆದುಕೊಂಡಿತು. ತಿಂದಿತೋ ಆಡಿತೋ ಖಾತ್ರಿಯಿಲ್ಲ.

ಬಾಲಾಜಿಗೆ ಫೋನ್ ಮಾಡಿ, ಡಾಕ್ಟರು ಇದಕ್ಕೊಂದು ಜೊತೆ ಬೇಕು ಅಂದಿದ್ದಾರೆ, ನೋಡಿ ತಗೊಂಡು ಬಾ ಎಂದೆ. ಕಂದುವಿನ ವಿಷಯವಷ್ಟೇ ಹೇಳಿದ್ದು.

"ಬಂದ್ರೆ ಒಳಗೆ ಬರ್ಬಹುದಾ ಮಾವಾ?"

"ಗೂಡು ಒಳಗೇ ತಾನೇ ಇರೋದು" ಎಂದೆ. ನೆಟ್ಟಗೆ ಬಾರಪ್ಪ ಅನ್ನಲು ಬಾಯಿ ಬರಲಿಲ್ಲ.

ಫೆಬ್ರವರಿ 5, ಬುಧವಾರ

ಗೇಟಿನ ಚಿಲಕ ಹಾಕುವುದು ಮರೆತಿತ್ತು. ಮಾರಿಯಮ್ಮ ನೇರ ಒಳಗೆ ಬಂದು ಶ್ರುತಿಯನ್ನು ಹಿತ್ತಲ ಬಿಸಿಲಲ್ಲಿ ಕೂರಿಸಿ ಎಣ್ಣೆ ಹಚ್ಚಿದರು. ತಲೆ ಸಿಕ್ಕು ಬಿಡಿಸಲು ಒಂದು ಗಂಟೆ ಹಿಡಿಯಿತು. ತಾನೂ ನಂದಿದುರ್ಗ ಗಣಿಯ ಕೆಲಸಗಾರರ ಲೈನ್ ಮನೆಯಲ್ಲಿದ್ದಾಗ ಇಂಥ ಎರಡು ಕೂಸು ಕಳೆದುಕೊಂಡದ್ದನ್ನು ಹೇಳುತ್ತಿದ್ದರು. ಇಷ್ಟು ವರ್ಷ ಪಕ್ಕದಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಶ್ರುತಿ ಏನೇನೋ ಕೇಳುತ್ತಿದ್ದಳು.

ಕಂದು: ಹುಲ್ಲು, ತಾನಾಗಿ. ದಪ್ಪ ಮೆಣಸಿನಕಾಯಿ, ಒಂದು ಚೂರು. ಶ್ರುತಿ: ಮುದ್ದೆ ಅರ್ಧ. ಆಮೇಲೆ ಮತ್ತೆ ಮಲಗಿದಳು. ಸಂಜೆಯದು ವಾಪಸ್. ಬಿಸಿ ಮಾಡಿ ಇನ್ನೊಂದು ಸಲ ಒಯ್ದೆ.

ಫೆಬ್ರವರಿ 9, ಭಾನುವಾರ

ಬಾಲಾಜಿ ಹನ್ನೊಂದಕ್ಕೆ ಬಂದ. ಡಾಕ್ಟರ್ ಸುಮಿತಾಗೆ ನಿನ್ನೆಯೇ ತೋರಿಸಿಕೊಂಡು ಬಂದಿದ್ದಾನಂತೆ. ಹೊಸದು ಕಪ್ಪು, ಮೂತಿಯ ಮೇಲೆ ಮಾತ್ರ ಬಿಳಿ ಪಟ್ಟೆ. ಒಮ್ಮೆಗೇ ಜೊತೆ ಬಿಡಬೇಡಿ, ಸ್ವಲ್ಪ ದಿನ ಎರಡು ಗೂಡು ಅಕ್ಕಪಕ್ಕ ಇಟ್ಟು ನೋಡಿ ಎಂದರಂತೆ. ಗೂಡುಗಳನ್ನು ಶ್ರುತಿಯ ಕೋಣೆಯಲ್ಲೇ ಇಟ್ಟೆ. ಕಂದು ತಂತಿಗೆ ಮೂತಿ ಒತ್ತಿ ಕೂಗಿತು. ಬಹಳ ದಿನದ ಮೇಲೆ ಆ ಸೀಟಿ.

ಅವನು ಬಾಗಿಲಲ್ಲೇ ನಿಂತಿದ್ದ. ಶ್ರುತಿ ಅವನನ್ನು ನೋಡಿ ಮುಖ ಮುಚ್ಚಿಕೊಂಡಳು. ನಾನು ನೀರು ತರುತ್ತೇನೆಂದು ಹೊರಗೆ ಬಂದೆ. ಹಿತ್ತಲಿಗೆ ಹೋಗಿ ಸೀಬೆ ಗಿಡಕ್ಕೆ ಒಂದು ಕೊಡ ಹಾಕಿದೆ, ಇನ್ನೊಂದು ಹಾಕಿದೆ. ಇಬ್ಬರೂ ಅಳುವುದು ಕೇಳುತ್ತಿತ್ತು. ಒಳಗೆ ಹೋಗಿ ಸಾಕು ಅನ್ನಬೇಕೆನಿಸಿತು. ಮೂರನೆಯ ಕೊಡ ಹಾಕಿದೆ.

ಯಾವಾಗ ಬಂಗಾರಪೇಟೆಗೆ ಹೋಗುತ್ತಾಳೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇನ್ನೂ ಬಹಳ ದಿನ ಬೇಕಾಗಬಹುದು.

ಅವನು ಬಂಗಾರಪೇಟೆಯಿಂದ ಪಾನಿಪುರಿ ಕಟ್ಟಿಸಿಕೊಂಡು ಬಂದಿದ್ದ. ಅಲ್ಲಿಯ ಪಾನಿ ನೀರಿನಂತೆ ತಿಳಿ, ಅದು ಬೇರೆ ಕವರಿನಲ್ಲಿ. ಬಾಣಂತಿಗೆ ಇದನ್ನು ಕೊಡಬಹುದೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ ಶ್ರುತಿ ಕವರ್ ಬಿಚ್ಚಿದಳು. ಆ ಸದ್ದಿಗೆ ಎರಡು ಗೂಡಿನಿಂದಲೂ ಸೀಟಿ. ಅವಳಿಗೆ ನಗು ಬಂತು, ನಕ್ಕದ್ದಕ್ಕೆ ಮತ್ತೆ ಅಳು ಬಂತು. ಬಾಲಾಜಿ ಪೂರಿ ಒಡೆದು ಪಾನಿ ತುಂಬಿ ಅವಳ ಕೈಗಿಟ್ಟ. "ನೀನೂ ಬಾ ಅಪ್ಪ, ಮೆತ್ತಗಾಗ್ತವೆ" ಅಂದಳು. ಮೂವರೂ ನೆಲದ ಮೇಲೆ, ಗೂಡುಗಳ ಮುಂದೆ ಕೂತೆವು.

ಕಂದು: ಹುಲ್ಲು, ಹೊಟ್ಟೆ ತುಂಬ. ಕಪ್ಪು: ಹೆದರಿಕೆಯಿದೆ, ಆದರೂ ತಿಂದಿತು.

ಶ್ರುತಿ ಎಷ್ಟು ತಿಂದಳೆಂದು ಬರೆಯಲು ಕೂತರೆ ನೆನಪಾಗುತ್ತಿಲ್ಲ. ನಾನೂ ತಿನ್ನುತ್ತಿದ್ದೆ.